ಗೆಳೆಯನಿಗೊಂದು ಪತ್ರ: ಸುಣ್ಣದ ಏಳು ಗೆರೆಗಳು

ಬಾಗಲಕೋಟೆ

ಪ್ರಿಯ ಗೆಳೆಯ,

ಉತ್ತರಿ ಮಳೆ ಎರಡು ದಿನ ಬಿಡುವು ಕೊಟ್ಟಿತು. ಅಷ್ಟರಲ್ಲೇ ಅಳತೆಯ ಟೇಪು, ಒಂದು ಬಕೆಟ್ ಸುಣ್ಣ ಹಿಡಿದುಕೊಂಡು ಕಾಲುವೆ ದಂಡೆಯ ರಸ್ತೆಗೆ ಹೋಗಿ ಬಂದೆ. 333 ಮೀಟರಿಗೊಂದರಂತೆ ಅಡ್ಡಗೆರೆ ಎಳೆದಿದ್ದೇನೆ. ಒಟ್ಟು ಏಳು ಗೆರೆ. ಮೊದಲ ಗೆರೆಯಿಂದ ಕೊನೆಯದಕ್ಕೆ 2 ಕಿಲೋಮೀಟರ್, ಅಂದರೆ ನಾವು ಸೈಕಲ್ ತುಳಿದ ಸಿಮೆಂಟ್ ಟ್ರ್ಯಾಕಿನ ಲೆಕ್ಕದಲ್ಲಿ ಆರು ಸುತ್ತು. ತಿರುವೂ ಇಲ್ಲ, ತಿರುವಿನಲ್ಲಿ ಎದ್ದುನಿಲ್ಲುವ ಓರೆಯೂ ಇಲ್ಲ, ಒಂದು ಕಡೆ ನೀರು, ಇನ್ನೊಂದು ಕಡೆ ಕಬ್ಬು. ಆದರೂ ಈಗ ಸದ್ಯಕ್ಕೆ ನಮ್ಮ ಟ್ರ್ಯಾಕ್ ಅದೇ.

ಇಷ್ಟೆಲ್ಲ ಯಾರಿಗಾಗಿ ಎಂದು ನಿನಗೆ ಗೊತ್ತು. ಅಣ್ಣನ ಮಗಳು ಈ ವರ್ಷ ರಸ್ತೆ ಸ್ಪರ್ಧೆ ಬಿಟ್ಟು ಟ್ರ್ಯಾಕಿಗೆ ಇಳಿಯುತ್ತಿದ್ದಾಳೆ. ದೀಪಾವಳಿ ಮುಗಿದ ಮೇಲೆ ಆಯ್ಕೆ ಇರುತ್ತದೆಂಬ ಲೆಕ್ಕದಲ್ಲಿ ತಯಾರಿ ನಡೆಸಿದ್ದೇನೆ. ಕೈಯಲ್ಲಿ ಆರೇಳು ವಾರಗಳಿವೆ. ಹದಿನೇಳು ವರ್ಷದ ಹುಡುಗಿಗೆ ಶಕ್ತಿಯ ಕೊರತೆಯಿಲ್ಲ. ಬೇಸಿಗೆಯಲ್ಲಿ ಕೋರ್ತಿ-ಕೊಲ್ಹಾರ ಸೇತುವೆಯ ಮೇಲೆ, ಕೃಷ್ಣೆಯ ಹಿನ್ನೀರಿನಿಂದ ಬೀಸುವ ಗಾಳಿಗೆ ಎದೆಯೊಡ್ಡಿ, ಎಲ್ಲೂ ತಲೆ ತಗ್ಗಿಸದೆ ಮೂರು ಕಿಲೋಮೀಟರ್ ತುಳಿದವಳು. ಆಚೆ ದಡದಲ್ಲಿ ಗಡಿಗೆ ಮೊಸರು ಕೊಡಿಸುತ್ತೇನೆಂದು ನಾನು ಆಸೆ ತೋರಿಸಿದ್ದೆ. ಅವಳಿಗೆ ಆ ಆಸೆಯೂ ಬೇಕಿರಲಿಲ್ಲ.

ಅವಳಿಗೆ ಇಲ್ಲದಿರುವುದು ಒಂದೇ ಸಮನಾದ ವೇಗ. ಅದಕ್ಕಾಗಿಯೇ ಈ ಪತ್ರ.

ನಿನ್ನೆ ಏಳು ಗೆರೆಗಳ ನಡುವೆ ಮೊದಲ ಬಾರಿ ಓಡಿಸಿದೆ. ನಾನು ಬೈಕಿನಲ್ಲಿ ಪಕ್ಕದಲ್ಲಿ ಹೋಗುತ್ತ, ಒಂದೊಂದು ಗೆರೆ ದಾಟಿದಾಗಲೂ ಗಡಿಯಾರ ಒತ್ತಿದೆ. ನಿಂತಲ್ಲಿಂದ ಹೊರಟ ಮೊದಲ ಸುತ್ತಿಗೆ 31 ಸೆಕೆಂಡ್. ಆಮೇಲೆ 25, 26, 28, 29, 30. ಒಟ್ಟು 169. ಎರಡನೆಯ ಸುತ್ತಿನ 25 ಕೇಳಿ ಅವಳ ಮುಖ ಅರಳಿತು. ಕೊನೆಯ 30ರ ಬಗ್ಗೆ ಕೇಳಿದರೆ, ಅದು ಗಾಳಿ ಎಂದಳು. ಗಾಳಿ ಅಲ್ಲವೆಂದು ತೋರಿಸಲು ಅರ್ಧ ಗಂಟೆ ವಿಶ್ರಾಂತಿ ಕೊಟ್ಟು ಎದುರು ದಿಕ್ಕಿನಿಂದಲೂ ಓಡಿಸಿದೆ. ಅದೇ ಕಥೆ. ರಾತ್ರಿ ಊಟಕ್ಕೆ ಕೂತಾಗ ಲೆಕ್ಕ ಬರೆದು ಅವಳ ಮುಂದಿಟ್ಟೆ: ಮೊದಲ ಸುತ್ತು ಅದೇ 31 ಇರಲಿ, ಉಳಿದ ಐದನ್ನೂ 27ರಲ್ಲಿ ತುಳಿದರೆ 166. ಒಮ್ಮೆಯೂ 25 ಮುಟ್ಟದೆ, ಮೂರು ಸೆಕೆಂಡ್ ಮೊದಲೇ ಮುಟ್ಟುತ್ತಾಳೆ. ಜೋಳದ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಆ ಕಾಗದ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ನಾನು ಅವಳ ವಯಸ್ಸಿನಲ್ಲಿ ನಂಬಿರಲಿಲ್ಲ. ನಮ್ಮ ಟೀಮ್ ಪರ್ಸ್ಯೂಟ್ ನೆನಪಿದೆಯಲ್ಲ? 4 ಕಿಲೋಮೀಟರ್, ಸರದಿಯಂತೆ ಮುಂದೆ ಬಂದು ಸಾಲಾಗಿ ತುಳಿಯುವ ನಾಲ್ಕು ಜನ, ಗಡಿಯಾರ ನಿಲ್ಲುವುದು ಮೂರನೆಯವನ ಮುಂದಿನ ಚಕ್ರಕ್ಕೆ. ಎರಡನೆಯ ಜಾಗ ನಿನ್ನದು, ಮೂರನೆಯದು ನನ್ನದು. ನೀನು ಮುಂದಿರುವಷ್ಟು ಹೊತ್ತು ಸುತ್ತಿಗೆ 24 ಎಂದರೆ 24. ನಿನ್ನ ಹಿಂದೆ ಕೂತವನಿಗೆ ವೇಗ ಏರಿದ್ದಾಗಲಿ ಇಳಿದದ್ದಾಗಲಿ ಗೊತ್ತಾಗುತ್ತಿರಲಿಲ್ಲ. ಆ ದಿನ ನೀನು ಓರೆಯ ಮೇಲಕ್ಕೆ ಸರಿದು ನನಗೆ ಜಾಗ ಬಿಟ್ಟಾಗ, ಕಾಲಲ್ಲಿ ಬಲವಿದೆ ಎಂಬ ಒಂದೇ ಕಾರಣಕ್ಕೆ ನಾನು ಎಳೆದುಬಿಟ್ಟೆ. ಒಂದೂವರೆ ಸುತ್ತು. ತಿರುಗಿ ನೋಡುವಷ್ಟರಲ್ಲಿ ಹಿಂದಿನ ಇಬ್ಬರೂ ಬಿಟ್ಟುಹೋಗಿದ್ದರು. ಕೊನೆಯ ಗೆರೆಯನ್ನು ನಾನೂ ನೀನೂ ಒಟ್ಟಿಗೇ ದಾಟಿದೆವು. ಮೂರನೆಯವನು ಬರುವವರೆಗೆ ಗಡಿಯಾರ ಓಡುತ್ತಲೇ ಇತ್ತು. ನಾನು ಎಷ್ಟು ಬೇಗ ಬಂದೆನೆಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆ ರಾತ್ರಿ ನೀನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಹಾಸ್ಟೆಲ್ ವರಾಂಡದಲ್ಲಿ ನನ್ನನ್ನು ನಿಂತಲ್ಲೇ ಸೈಕಲ್ ತುಳಿಯುವ ರೋಲರ್ ಮೇಲೆ ಹತ್ತಿಸಿ, ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟತೊಡಗಿದೆ. ಒಂದು ಚಪ್ಪಾಳೆಗೆ ಒಂದು ತುಳಿತ. ಇಪ್ಪತ್ತು ನಿಮಿಷ. ನಾನು ಮುಂದೆ ಓಡಿದರೂ ನಿನ್ನ ಚಪ್ಪಾಳೆ ಓಡಲಿಲ್ಲ, ನಾನು ಹಿಂದೆ ಬಿದ್ದರೂ ಕಾಯಲಿಲ್ಲ. ನನ್ನ ಕಾಲು ದಾರಿಗೆ ಬಂದದ್ದು ಅಲ್ಲಿ.

ಈಗ ಅದನ್ನೇ ಅವಳಿಗೆ ಮಾಡಿಸುತ್ತಿದ್ದೇನೆ. ರೋಲರ್ ಮೇಲೆ 44-16 ಗೇರು (ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 16, ಚೈನು ಹಾಯುವ ಹಲ್ಲಿನ ಚಕ್ರಗಳು) ಹಾಕಿದ್ದೇನೆ, ಒಂದು ತುಳಿತಕ್ಕೆ ಸುಮಾರು 5.8 ಮೀಟರ್. ನಿಮಿಷಕ್ಕೆ 90ರಿಂದ ಆರಂಭಿಸಿ 130ರವರೆಗೆ ಏರಿಸಿ ಇಳಿಸುತ್ತೇವೆ. ಎರಡು ವಾರದ ಹಿಂದೆ 115 ದಾಟಿದರೆ ಸೀಟಿನ ಮೇಲೆ ಕುಪ್ಪಳಿಸುತ್ತಿದ್ದಳು. ಈಗ 125ರಲ್ಲೂ ಸೊಂಟ ಅಲುಗುವುದಿಲ್ಲ. ಕಾಲು ಕೆಳಕ್ಕೆ ಒತ್ತುವುದೊಂದೇ ತುಳಿತವಲ್ಲ, ಪೆಡಲ್ ಮೇಲೆ ಬರುವಾಗ ಅದಕ್ಕೆ ಅಡ್ಡವಾಗದಿರುವುದೂ ತುಳಿತವೇ ಎಂಬುದು ನಿಧಾನವಾಗಿ ಅವಳ ಕಾಲಿಗೆ ತಿಳಿಯುತ್ತಿದೆ. ಫ್ರೀವೀಲ್ ಇಲ್ಲದ, ಅಂದರೆ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುವ ಸೈಕಲ್ಲು ಇದನ್ನು ತಾನೇ ಕಲಿಸುತ್ತದೆ. ಮೊದಲ ವಾರ ರಸ್ತೆಯ ಅಭ್ಯಾಸಬಲದಿಂದ ಕಾಲು ನಿಲ್ಲಿಸಲು ಹೋಗಿ ಎರಡು ಬಾರಿ ಬೀಳುವುದರಲ್ಲಿದ್ದಳು. ಅದಕ್ಕೇ ಕಾಲುವೆ ರಸ್ತೆಗೆ ಹೋಗುವಾಗ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕಿಯೇ ಕಳಿಸುತ್ತೇನೆ. ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕ್ ಯಾಕೆ ಕಾಕಾ ಎಂದು ದಿನವೂ ಕೇಳುತ್ತಾಳೆ. ಟ್ರ್ಯಾಕಿನಲ್ಲಿ ಎದುರಿಗೆ ಎಮ್ಮೆ ಬರುವುದಿಲ್ಲ, ಕಬ್ಬಿನ ಟ್ರ್ಯಾಕ್ಟರೂ ಬರುವುದಿಲ್ಲ.

ಆದರೆ ಒಂದು ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳ ಹತ್ತಿದೆ, ಅದಕ್ಕೆ ನೀನೇ ನ್ಯಾಯ ಹೇಳಬೇಕು. ರಸ್ತೆಯ ಮೇಲೆ ನಾನು ಹಾಕಿಕೊಟ್ಟಿರುವುದು ನಮ್ಮ ಹಳೆಯ 48-15. ಅವಳಿಗೆ 51 ಹಲ್ಲಿನ ಚೈನ್‌ವೀಲ್ ಬೇಕಂತೆ. ಮೊಬೈಲಿನಲ್ಲಿ ದಿನವೂ ನೋಡುತ್ತಾಳೆ: ಅಂಡಮಾನಿನ ಎಸೋ ಆಲ್ಬೆನ್ 2018ರಲ್ಲಿ ಸ್ವಿಟ್ಜರ್ಲೆಂಡಿನ ಏಗಲ್‌ನಲ್ಲಿ ಕೀರಿನ್ ಎಂಬ ಟ್ರ್ಯಾಕ್ ಸ್ಪರ್ಧೆಯ ಬೆಳ್ಳಿ ಗೆದ್ದದ್ದು, ಮರುವರ್ಷ ಎಸೋ ಮತ್ತು ಮಣಿಪುರದ ರೊನಾಲ್ಡೊ ಸಿಂಗ್ ಇದ್ದ ತಂಡ ಜರ್ಮನಿಯಲ್ಲಿ ಜೂನಿಯರ್ ವಿಶ್ವ ಚಾಂಪಿಯನ್ ಆದದ್ದು, 2022ರಲ್ಲಿ ದೆಹಲಿಯ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ರೊನಾಲ್ಡೊ ಸ್ಪ್ರಿಂಟ್ ಬೆಳ್ಳಿ ತಂದದ್ದು. ಈಗ ಎಲ್ಲರೂ ದೊಡ್ಡ ಗೇರಿಗೆ ಹೋಗಿದ್ದಾರೆ, ನಾವು ಮಾತ್ರ ಹಳೆಯದನ್ನೇ ಹಿಡಿದಿದ್ದೇವೆ ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಜಗತ್ತಿನ ಟ್ರ್ಯಾಕ್‌ಗಳಲ್ಲಿ ಗೇರು ವರ್ಷದಿಂದ ವರ್ಷಕ್ಕೆ ದೊಡ್ಡದಾಗಿದೆ. 27 ಸೆಕೆಂಡಿನ ಸುತ್ತಿಗೆ 48-15ರಲ್ಲಿ ನಿಮಿಷಕ್ಕೆ ಸುಮಾರು 110 ತುಳಿತ ಬೇಕು, 51-15ರಲ್ಲಿ 104 ಸಾಕು. ಆರು ತುಳಿತ ಉಳಿಯುತ್ತವೆ. ಆದರೆ ನಿಂತಲ್ಲಿಂದ ಎಬ್ಬಿಸುವಾಗ ಆ ಮೂರು ಹಲ್ಲಿನ ಭಾರ ಮೊಣಕಾಲಿಗೆ ಬೀಳುತ್ತದೆ. ಇನ್ನೂ ಬೆಳೆಯುತ್ತಿರುವ ಮೊಣಕಾಲು. ನಾನು ಹೆದರಿ ಅವಳನ್ನು ಹಿಂದಕ್ಕೆ ಎಳೆಯುತ್ತಿದ್ದೇನೋ, ಕಾಯುತ್ತಿದ್ದೇನೋ ನನಗೇ ಸ್ಪಷ್ಟವಿಲ್ಲ. ನಿನ್ನ ಕಣ್ಣು ಅವಳ ತುಳಿತವನ್ನು ಒಮ್ಮೆ ನೋಡಲಿ.

ದಸರೆ ರಜೆಯಲ್ಲಿ ನಾಲ್ಕು ದಿನ ಹೈದರಾಬಾದಿಗೆ ಕರೆದೊಯ್ದು, ಅನುಮತಿ ಸಿಕ್ಕರೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಟ್ರ್ಯಾಕಿನಲ್ಲಿ ಓಡಿಸುವ ಆಸೆಯಿದೆ. ಓರೆಯನ್ನು ಅವಳು ಇನ್ನೂ ಕಣ್ಣಾರೆ ಕಂಡಿಲ್ಲ. ಮೊದಲ ದಿನ ಒಳಗಿನ ಸಮತಟ್ಟಿನಲ್ಲೇ ಸುತ್ತಿಸಿ, ವೇಗ ಬಂದ ಮೇಲೆ ಒಂದೊಂದೇ ಗೆರೆ ಮೇಲಕ್ಕೆ ಹತ್ತಿಸಬೇಕೆಂದಿದ್ದೇನೆ. ಹೆದರಿ ನಿಧಾನ ಮಾಡಿದವರೇ ಜಾರುವುದು, ವೇಗವೇ ಅಲ್ಲಿ ಹಿಡಿದು ನಿಲ್ಲಿಸುತ್ತದೆ ಎಂದು ಎಷ್ಟು ಸಲ ಹೇಳಿದರೂ ಅದು ಮಾತೇ. ತಿರುವಿನ ನಡುವೆ ಗೋಡೆಯಂತೆ ಎದ್ದುನಿಂತ ಸಿಮೆಂಟ್ ಕಂಡಾಗ ಮೈಗೆ ಬೇರೆಯೇ ಬುದ್ಧಿ ಬರುತ್ತದೆ. ನೀನು ನನ್ನ ಮುಂದೆ ಹೋಗಿ, ನನ್ನ ಬೆನ್ನು ನೋಡು, ಚಕ್ರ ನೋಡಬೇಡ ಎಂದು ಕೂಗಿದ್ದಕ್ಕೆ ನಾನು ಹತ್ತಿದೆ. ಅವಳ ಮುಂದೆ ಹೋಗುವವರು ಯಾರು?

ಟೈರ್ ಅಂಟಿಸುವ ಕೆಲಸ ಮಾತ್ರ ನಾನೇ ಮಾಡುತ್ತಿದ್ದೇನೆ, ನೀನು ಕಲಿಸಿದಂತೆ. ಟ್ಯೂಬ್ಯುಲರ್ ಟೈರ್‌ಗಳನ್ನು ಒಣ ರಿಮ್ಮಿಗೆ ಏರಿಸಿ, ಗಾಳಿ ತುಂಬಿ, ಒಂದು ವಾರ ಹಿಗ್ಗಲು ಬಿಟ್ಟಿದ್ದೇನೆ. ರಿಮ್ಮಿನ ಹಳೆಯ ಅಂಟು ಕೆರೆದು ತೆಗೆದಾಯಿತು. ರಿಮ್ಮಿಗೂ ಟೈರಿಗೂ ತೆಳುವಾಗಿ ಒಂದು ಪದರ ಬಳಿದು ಒಂದು ರಾತ್ರಿ ಬಿಡುವುದು, ಮತ್ತೊಂದು ಪದರ, ಮತ್ತೊಂದು ರಾತ್ರಿ, ಮೂರನೆಯದು ಬಳಿದ ಮೇಲೆಯೇ ಏರಿಸುವುದು. ಈ ಮಳೆಗಾಲದ ತೇವದಲ್ಲಿ ಪ್ರತಿ ಪದರಕ್ಕೂ ಇನ್ನೊಂದು ದಿನ ಹೆಚ್ಚು ಕೊಡುತ್ತಿದ್ದೇನೆ. ಮನೆಯೆಲ್ಲ ಅಂಟಿನ ವಾಸನೆ. ಅವ್ವ ಬೈಯುತ್ತಾಳೆ, ಆದರೂ ಚಕ್ರಗಳ ಮೇಲೆ ಧೂಳು ಕೂರದಂತೆ ತನ್ನ ಹಳೆಯ ಸೀರೆ ಹೊದಿಸಿದವಳೂ ಅವಳೇ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ. ನಿನಗೆ ರೈಲ್ವೆಯಲ್ಲಿ ರಜೆ ಸಿಗುವುದು ಕಷ್ಟವೆಂದು ಬಲ್ಲೆ. ಮುಂದಿನ ಭಾನುವಾರ ಒಂದು ದಿನ ಹುಬ್ಬಳ್ಳಿಯಿಂದ ಬಂದು ಹೋಗು. ಮೊದಲ ಗೆರೆಯ ಮೇಲೆ ಅವಳ ಸೀಟು ಹಿಡಿದು ನಿಲ್ಲುವವರಿಲ್ಲ. ನಾನು ಹಿಡಿದರೆ ಗಡಿಯಾರ ಒತ್ತುವವರಿಲ್ಲ. ಅಣ್ಣ ಒಮ್ಮೆ ಹಿಡಿದ. ಮಗಳು ಹೊರಡುವಾಗ ಪ್ರೀತಿಯಿಂದ ಸ್ವಲ್ಪ ತಳ್ಳಿಯೇಬಿಟ್ಟ. ಹಿಡಿದವನ ಕೈ ತಳ್ಳಲೂ ಬಾರದು, ಎಳೆಯಲೂ ಬಾರದು, ಸುಮ್ಮನೆ ಬಿಡಬೇಕು. ಅದು ನಿನ್ನ ಕೈಗೆ ಬರುತ್ತದೆ. ಇನ್ನು ಚಪ್ಪಾಳೆ. ರೋಲರ್ ಪಕ್ಕ ನಿಂತು ನಾನೂ ತಟ್ಟುತ್ತೇನೆ, ಆದರೆ ಅವಳು ಚೆನ್ನಾಗಿ ತುಳಿಯತೊಡಗಿದೊಡನೆ ಸಂತೋಷಕ್ಕೆ ನನ್ನ ಕೈಯೇ ಅವಳಿಗಿಂತ ಮುಂದೆ ಓಡುತ್ತದೆ.

ನಿನ್ನ ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ 51 ಹಲ್ಲಿನದೊಂದು ಇತ್ತಲ್ಲ, ಅದನ್ನೂ ತಾ. ಹಾಕುವುದೋ ಬೇಡವೋ ಅವಳು ತುಳಿಯುವುದನ್ನು ನೋಡಿದ ಮೇಲೆ ನೀನೇ ಹೇಳು, ನಾನು ಎದುರು ಮಾತಾಡುವುದಿಲ್ಲ. ಶನಿವಾರ ರಾತ್ರಿಯೇ ಬಂದುಬಿಡು. ವೈನಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬಾ, ಶೇಂಗಾ ಹೋಳಿಗೆ ಮಾಡುತ್ತೇನೆಂದು ಅವ್ವ ಹೇಳಿದ್ದಾಳೆ. ಬೆಳಿಗ್ಗೆ ಐದೂವರೆಗೆ ಮನೆ ಬಿಡುತ್ತೇವೆ. ಏಳಾದ ಮೇಲೆ ಪಡುವಣ ಗಾಳಿ ಏಳುತ್ತದೆ, ಆಮೇಲೆ ಬರೆದುಕೊಂಡ ಸೆಕೆಂಡುಗಳನ್ನು ನಂಬಲಾಗುವುದಿಲ್ಲ. ಅಷ್ಟರೊಳಗೆ ಮಳೆ ಬಂದು ಗೆರೆ ಅಳಿಸಿದ್ದರೆ ಶನಿವಾರ ಸಂಜೆ ಮತ್ತೆ ಎಳೆದಿಟ್ಟಿರುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ಮೂರನೆಯ ಜಾಗದವನು