ಬ್ರಂಟನ್ ಕಾವಲು ಗೋಪುರ ನೋಡಲು ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನ್ಯೂಕ್ಯಾಸಲ್‌ನಿಂದ, ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆ ನೋಡಲು ಹೋಗುತ್ತೇನೆ ಅಂದೆಯಲ್ಲ, ಚೆಸ್ಟರ್ಸ್ ಕೋಟೆಗೂ ಮೊದಲು ಬ್ರಂಟನ್ ಗೋಪುರಕ್ಕೆ ಹೋಗು. ಹೆಕ್ಸಮ್‌ವರೆಗೆ ರೈಲು, ಅಲ್ಲಿಂದ ಚಾಲರ್‌ಫರ್ಡ್‌ಗೆ ಎಡಿ122 ಬಸ್ಸು. ಈ ಬಸ್ಸಿನ ಸೇವೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ವಾಪಸು ಬರುವ ವೇಳೆಯನ್ನೂ ಮೊದಲೇ ನೋಡಿಕೋ. ಅಲ್ಲಿ ನಾರ್ತ್ ಟೈನ್ ನದಿಯ ಸೇತುವೆ ದಾಟಿ ಪೂರ್ವಕ್ಕೆ ನಡೆದರೆ ಲೋ ಬ್ರಂಟನ್ ಸಿಗುತ್ತದೆ. ಅಲ್ಲಿ ದಕ್ಷಿಣಕ್ಕೆ ತಿರುಗು. ಕಾರುಗಳು ವೇಗವಾಗಿ ಬರುವ ರಸ್ತೆ, ಜೋಪಾನ. ಒಳಗೆ ಹೋಗಲು ಟಿಕೆಟ್ ಇಲ್ಲ.

ಇದರ ಸಂಖ್ಯೆ 26ಬಿ. ಗೋಡೆಯುದ್ದಕ್ಕೂ ಪ್ರತಿ ರೋಮನ್ ಮೈಲಿಗೆ, ಅಂದರೆ ಸುಮಾರು 1,480 ಮೀಟರಿಗೆ, ಒಂದು ಚಿಕ್ಕ ಕೋಟೆ. ನಡುವೆ ಎರಡು ಗೋಪುರ. ಪೂರ್ವದ ತುದಿಯಿಂದ ಎಣಿಸುತ್ತಾ ಬಂದರೆ ಇದು 26ನೆಯ ಕೋಟೆಯ ನಂತರದ ಎರಡನೆಯ ಗೋಪುರ.

ಈಗ ಉಳಿದಿರುವುದು ಕೆಳಗಿನ ಅಂತಸ್ತಿನ ಗೋಡೆಗಳಷ್ಟೇ. ಎತ್ತರವಿರುವ ಕಡೆ ಎರಡೂವರೆ ಮೀಟರ್, 11 ವರಸೆ ಕಲ್ಲು. ಒಳಗೆ ಹೆಚ್ಚೆಂದರೆ ನಾಲ್ಕು ಮೀಟರ್ ಅಗಲದ ಕೋಣೆ. ಬಾಗಿಲು ದಕ್ಷಿಣಕ್ಕೆ, ರೋಮನ್ನರ ಕಡೆಗೆ. ಹೊಸ್ತಿಲ ಕಲ್ಲಿನಲ್ಲಿ ಚೌಕಟ್ಟು ಕೂರಿಸಲು ಕೊರೆದ ಕಚ್ಚನ್ನು ಹುಡುಕು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಗೋಪುರಕ್ಕೆ ಗೋಡೆ ಬಂದು ಸೇರುವ ಜಾಗದಲ್ಲಿ. ಕ್ರಿ.ಶ. 122ರಲ್ಲಿ ಕೆಲಸ ಶುರುವಾದಾಗ ಗೋಡೆ ಹತ್ತು ರೋಮನ್ ಅಡಿ, ಅಂದರೆ ಸುಮಾರು ಮೂರು ಮೀಟರ್ ದಪ್ಪ ಇರಬೇಕೆಂಬ ಯೋಜನೆಯಿತ್ತು. ಗೋಪುರಗಳನ್ನು ಮೊದಲೇ ಎಬ್ಬಿಸಿ, ಮುಂದೆ ಬರುವ ಗೋಡೆಯೊಂದಿಗೆ ಹೊಂದಲೆಂದು ಎರಡೂ ಬದಿಗೆ ಅಷ್ಟೇ ದಪ್ಪದ ಗಿಡ್ಡ ರೆಕ್ಕೆಗೋಡೆ ಬಿಟ್ಟರು. ಅಷ್ಟರಲ್ಲಿ ಯೋಜನೆ ಬದಲಾಯಿತು. ಬಂದು ಸೇರಿದ ಗೋಡೆ ತೆಳುವಾಗಿತ್ತು. ಕಲ್ಲು, ಸಮಯ ಉಳಿಸಲು ಹೀಗೆ ಮಾಡಿರಬೇಕು ಎಂಬ ಊಹೆ ಒಪ್ಪುವಂತಿದೆ. ದಪ್ಪ ರೆಕ್ಕೆಗೆ ತೆಳು ಗೋಡೆ ತಾಗಿ ಮೆಟ್ಟಿಲಿನಂತೆ ಒಳಸರಿದಿರುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಕಲ್ಲೇ ತೋರಿಸುವ ಇಂಥ ಜಾಗ ಅಪರೂಪ ಮಗಳೇ. ಫೋಟೊ ತೆಗೆಯುವುದಾದರೆ ಇದನ್ನೇ, ಪಕ್ಕದಿಂದ ತೆಗೆ.

ಗೋಡೆಯ ಮೇಲೆ ಮಾತ್ರ ಹತ್ತಬೇಡ. ತುಳಿದರೆ ಗಾರೆ ಸಡಿಲವಾಗುತ್ತದೆ, ಸಂದಿಗೆ ಮಳೆನೀರು ಇಳಿಯುತ್ತದೆ, ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಕಲ್ಲನ್ನು ಹೊರದೂಡುತ್ತದೆ. ಒದ್ದೆ ನೆಲದಲ್ಲಿ ಗೋಡೆಗುಂಟ ತುಂಬ ದೂರ ನಡೆಯುವುದೂ ಬೇಡ. ಹುಲ್ಲು ಕಿತ್ತುಹೋದರೆ ಕೆಳಗೆ ಹೂತಿರುವ ಅವಶೇಷ ಬಯಲಾಗುತ್ತದೆ. ಮೇಯಿಂದ ಅಕ್ಟೋಬರ್ ಒಳಗೆ ಹೋದರೆ ಒಳ್ಳೆಯದು.

ಹೊತ್ತು ಮಿಕ್ಕಿದರೆ ಸೇತುವೆಯ ಬಳಿಯಿಂದ ನದಿಯ ಪೂರ್ವ ದಡದ ಕಾಲುದಾರಿ ಹಿಡಿ. ರೋಮನ್ ಸೇತುವೆಯ ತುದಿಕಟ್ಟೆ ಅಲ್ಲಿದೆ. ನಾರ್ತ್ ಟೈನ್ ನದಿ ಪಶ್ಚಿಮಕ್ಕೆ ಸರಿದದ್ದರಿಂದ ಅದೀಗ ಒಣನೆಲದ ಮೇಲೆ ನಿಂತಿದೆ.

ಇಂತಿ,
ಅಪ್ಪ