‘ಗುಡ್’ ಎಂದರೆ ಮಗುವಿಗೆ ಏನು ತಿಳಿದೀತು?

ಮಾನ್ಯರೆ,

ಗೋವಾದಲ್ಲಿ, ಅದರಲ್ಲೂ ವಾಸ್ಕೊ ಸುತ್ತಮುತ್ತ, ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳು ಕ್ಯಾಥೊಲಿಕ್ ಶಾಲೆಗಳಲ್ಲೂ ಓದುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಕೊಂಕಣಿ, ಇಂಗ್ಲಿಷ್. ಇಂಥ ಮಗು ತರಗತಿಯಲ್ಲಿ ಬಾಯಿ ಬಿಡುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಟೀಚರ್ ಆಡುವ ಮಾತಿನ ಮೇಲಿದೆ. ಪ್ರಗತಿ ಪತ್ರ ಕೊಡುವ ದಿನ ಕೇಳಿಬರುವುದು ಮಾತ್ರ ಎರಡೇ: ‘ಗುಡ್’, ಇಲ್ಲವೇ ‘ಇನ್ನೂ ಓದಬೇಕು’. ಮುಂದೇನು ಮಾಡಬೇಕು ಎಂಬುದು ಎರಡರಿಂದಲೂ ಗೊತ್ತಾಗದು.

52ರಲ್ಲಿ 27 ಕಳೆದು 35 ಎಂದು ಬರೆದ ಹುಡುಗನನ್ನೇ ತೆಗೆದುಕೊಳ್ಳಿ. ಎರಡರಲ್ಲಿ ಏಳು ಹೋಗದ್ದರಿಂದ ಅವನು ಏಳರಲ್ಲೇ ಎರಡನ್ನು ಕಳೆದಿದ್ದಾನೆ. ‘ಗಮನ ಎಲ್ಲಿದೆ?’ ಎಂದು ಗದರಿದರೆ ನಾಳೆಯೂ ಅದೇ ತಪ್ಪು ಮಾಡುತ್ತಾನೆ. ‘ಸಾಲು ಸರಿಯಾಗಿ ಹಿಡಿದಿದ್ದೀಯ, ಕಳೆಯುವುದೂ ಗೊತ್ತಿದೆ. ಎರಡರಲ್ಲಿ ಏಳು ಹೋಗುತ್ತಾ ನೋಡು, ಪಕ್ಕದಿಂದ ಒಂದು ದಶಕ ತಂದುಕೋ’ ಎನ್ನಲು ಅರ್ಧ ನಿಮಿಷ ಸಾಕು. ಬಂದದ್ದು ಯಾವುದು, ಎಡವಿದ್ದು ಎಲ್ಲಿ, ಎರಡೂ ಅವನಿಗೆ ತಿಳಿಯುತ್ತವೆ.

ಇದನ್ನು ಬಳಿಗೆ ಹೋಗಿ ಮೆಲ್ಲಗೆ ಹೇಳಬೇಕು. ಆಟದ ಬಯಲಲ್ಲಿ ಹುಡುಗರ ಕಿವಿಯಲ್ಲಿ ಒಂದೆರಡು ಮಾತು ಹೇಳಿ ಮುಂದೆ ಹೋಗುವುದು ಇಟಲಿಯ ಟುರಿನ್‌ನಲ್ಲಿ ಬಡ ಹುಡುಗರಿಗೆ ಕಲಿಸಿದ ಪಾದ್ರಿ, ಸಂತ ಡಾನ್ ಬಾಸ್ಕೊ ಅವರ ಪದ್ಧತಿಯಾಗಿತ್ತು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಆ ಪ್ರೀತಿ ಅವರಿಗೆ ಗೊತ್ತಾಗಬೇಕು ಎಂದು 1884ರ ಮೇ ತಿಂಗಳಲ್ಲಿ ರೋಮ್‌ನಿಂದ ಅವರು ಬರೆದರು. ಅವರ ಹಬ್ಬವನ್ನು ಜನವರಿ 31ಕ್ಕೆ ತಪ್ಪದೆ ಆಚರಿಸುತ್ತೇವೆ. ಪದ್ಧತಿಯ ನೆನಪು ಅಷ್ಟಿಲ್ಲ.

45 ಮಕ್ಕಳಿರುವಾಗ ಇದೆಲ್ಲ ಆಗುವ ಮಾತೇ ಎನ್ನುವವರಿದ್ದಾರೆ. ದಿನಕ್ಕೆ ಮೂವರಂತೆ ಹಿಡಿದರೆ 15 ದಿನಕ್ಕೆ ಎಲ್ಲರದೂ ಒಂದು ಸುತ್ತು. ಮಾತಾಡಿಸಿದವರ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮುಂದಿನ ಬೆಂಚಿನವರಿಗೂ ಗಲಾಟೆ ಮಾಡುವವರಿಗೂ ಎಲ್ಲ ಮಾತು ಖರ್ಚಾಗಿ, ನಡುವೆ ಸುಮ್ಮನೆ ಕೂತವರು ವರ್ಷವಿಡೀ ಉಳಿದುಬಿಡುತ್ತಾರೆ.

ಹೊಗಳಿಕೆಯೂ ಕೆಡಿಸಬಲ್ಲದು. ‘ನೀನು ಜಾಣ’ ಎಂದೇ ಕೇಳಿ ಬೆಳೆದವನು ಆ ಹೆಸರು ಹೋದೀತೆಂದು ಕಷ್ಟದ ಲೆಕ್ಕ ಮುಟ್ಟಲು ಹೆದರುತ್ತಾನೆ. ಎಂಟು ಒಂಬತ್ತನೆಯ ತರಗತಿಯವರನ್ನು ಅಸೆಂಬ್ಲಿಯಲ್ಲಿ ನಿಲ್ಲಿಸಿ ಹೊಗಳಿದರೆ ಗೆಳೆಯರ ಗೇಲಿಗೆ ಗುರಿ ಮಾಡಿದಂತೆ. ಎಲ್ಲಕ್ಕಿಂತ ಕೆಟ್ಟದ್ದು, ‘ಕನ್ನಡದವನಾದರೂ ಚೆನ್ನಾಗಿ ಬರೆದಿದ್ದೀಯಲ್ಲ!’ ಎಂಬ ಮೆಚ್ಚುಗೆ. ಹೇಳಿದವರಿಗೆ ಅದು ಪ್ರೀತಿಯೇ ಇರಬಹುದು, ಮಗು ಒಯ್ಯುವುದು ‘ಆದರೂ’ ಒಂದನ್ನೇ. ಗೋವಾ ಮಕ್ಕಳ ಕಾಯ್ದೆ 2003 ಶಾಲೆಯಲ್ಲಿ ಬೆತ್ತ ನಿಷೇಧಿಸಿತು. ಬೆತ್ತ ಬಿಟ್ಟ ಜಾಗದಲ್ಲಿ ಕೆಲವೆಡೆ ಚುಚ್ಚುಮಾತು ಬಂದು ಕೂತಿದೆ.

ಕಟ್ಟಡದ ಕೆಲಸ ಬಿಟ್ಟು ಶಾಲೆಗೆ ಬಂದ ತಾಯಿಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಕರೆ ಬರುವುದಂತೂ ದೂರು ಇದ್ದಾಗಲೇ. ವರ್ಷದ ಮೊದಲ ದೂರಿಗಿಂತ ಮುಂಚೆ ಒಂದು ಒಳ್ಳೆಯ ಸುದ್ದಿ ಮನೆ ಮುಟ್ಟಲಿ. ಇಂಗ್ಲಿಷ್ ಡೈರಿಯಲ್ಲಿ ಬರೆದರೆ ಅವಳಿಗೆ ಓದಲಾಗದು, ಗೇಟಿನ ಬಳಿ ಹಿಂದಿಯಲ್ಲಿ ಬಾಯಿಮಾತಿನಲ್ಲೇ ಹೇಳಿ. ಕ್ಯಾಥೊಲಿಕ್ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣ ಘೋಷಣೆಯೂ ಬಡವರ, ಅನ್ಯಧರ್ಮೀಯರ ಮಕ್ಕಳ ಬಗ್ಗೆ ವಿಶೇಷ ಕಾಳಜಿ ಇರಲಿ ಎಂದೇ ಹೇಳಿದೆ.

ಆಡಳಿತ ಮಂಡಳಿಗಳು ಪ್ರಗತಿ ಪತ್ರದ ಷರಾ ಕಾಲಂ ಅನ್ನು ಎರಡು ಭಾಗ ಮಾಡಿ, ‘ಈಗ ಬರುತ್ತಿರುವುದು’, ‘ಮುಂದೆ ಕಲಿಯಬೇಕಾದ್ದು’ ಎಂದು ಅಚ್ಚು ಹಾಕಿಸಲಿ. ಆಗ ‘ಗುಡ್’ ಎಂದು ಗೀಚಿ ಮುಗಿಸಲು ಜಾಗವೇ ಇರುವುದಿಲ್ಲ.

— ನಿವೃತ್ತ ಶಿಕ್ಷಕಿ, ವಾಸ್ಕೊ, ಗೋವಾ