ಪ್ಲಾಸ್ಟಿಕ್ ಸರ್ಜರಿ ಯೋಚನೆಯಲ್ಲಿ ಇರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಸುಟ್ಟ ಕಲೆ, ಮೂಗು, ಹೊಟ್ಟೆಯ ಕೊಬ್ಬು ಅಂತ ನಮ್ಮ ಗುಂಪಿನಲ್ಲಿ ಮೂರು ನಾಲ್ಕು ಜನ ಆಪರೇಷನ್ ಬಗ್ಗೆ ಕೇಳಿದ್ದೀರಿ. ಒಟ್ಟಿಗೇ ಹೇಳುತ್ತೇನೆ.

ಮೊದಲು ಡಾಕ್ಟರ ಓದು ನೋಡಿ. ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರಬೇಕು. ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಅರಿವಳಿಕೆ ಯಾರು ಕೊಡುತ್ತಾರೆ, ತೊಂದರೆಯಾದರೆ ಐಸಿಯು ಇದೆಯಾ ಅಂತಲೂ ಕೇಳಿ.

ನಮ್ಮ ಕಡೆಯವರಿಗೆ ಮುಖ್ಯವಾದದ್ದು ಎಲೆ-ಅಡಿಕೆ ಜೊತೆಗಿನ ಹೊಗೆಸೊಪ್ಪು. ಬೀಡಿ, ಸಿಗರೇಟಿನಲ್ಲಿರುವ ನಿಕೋಟಿನ್ ಇದರಲ್ಲೂ ಇದೆ, ರಕ್ತನಾಳ ಕಿರಿದಾಗಿ ಗಾಯ ಮಾಯುವುದು ನಿಧಾನವಾಗುತ್ತದೆ, ಕೆಲವೊಮ್ಮೆ ಚರ್ಮವೇ ಸತ್ತುಹೋಗುತ್ತದೆ. ಕನಿಷ್ಠ 4 ವಾರ ಮೊದಲೇ ಬಿಡಿ, ಆಮೇಲೂ ಅಷ್ಟೇ ದಿನ ಮುಟ್ಟಬೇಡಿ. ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿಬಿಡಿ. ಸಕ್ಕರೆ ಕಾಯಿಲೆ, ಆಸ್ಪಿರಿನ್, ನಾಟಿ ಔಷಧಿ ಎಲ್ಲವನ್ನೂ ಹೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಬೆಂಗಳೂರು, ಮಣಿಪಾಲಕ್ಕೆ ಹೋಗುವವರು ಮಳೆಗಾಲದ ಘಾಟಿ ರಸ್ತೆ ನೆನಪಿಟ್ಟುಕೊಳ್ಳಿ. ಹೊಲಿಗೆ ಬಿಚ್ಚಿಸಲು, ತೋರಿಸಲು ಮತ್ತೆ ಮತ್ತೆ ಹೋಗಬೇಕಾಗುತ್ತದೆ. ದೊಡ್ಡ ಆಪರೇಷನ್ ಆದ ತಕ್ಷಣ ಗಂಟೆಗಟ್ಟಲೆ ಬಸ್ಸಲ್ಲಿ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ಹಾಗಾಗಿ ಯಾವಾಗ ಊರಿಗೆ ಹೊರಡಬಹುದು ಅಂತ ಮೊದಲೇ ಕೇಳಿ. ಕಲೆ ಪೂರ್ತಿ ಮಾಯವಾಗಲ್ಲ, ತಿಳಿಯಾಗಲು ಒಂದು ವರ್ಷವಾದರೂ ಬೇಕು ಅಲ್ವಾ.

ಬರೀ ಅಂದಕ್ಕೆ ಮಾಡಿಸಿದರೆ ಇನ್ಶೂರೆನ್ಸ್ ಸಾಮಾನ್ಯವಾಗಿ ಬರಲ್ಲ. ಸುಟ್ಟಗಾಯ, ಅಪಘಾತಕ್ಕೆ ಬರಬಹುದು, ಪಾಲಿಸಿ ನೋಡಿ.

ಮೊದಲೇ ಮಾಡಿಸಿಕೊಂಡವರು ನಿಮ್ಮ ಅನುಭವವನ್ನು ಭಾನುವಾರದೊಳಗೆ ಇಲ್ಲಿ ಬರೆಯಿರಿ. ಫೋಟೋ ಮಾತ್ರ ಗುಂಪಿಗೆ ಹಾಕಬೇಡಿ.